ಲಿನಕ್ಸ್‌ನಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಸರಿಯಾಗಿ ಕೆಲಸ ಮಾಡ್ತಿಲ್ವಾ? ಪದೇ ಪದೇ ಕೇಳೋ ಪ್ರಶ್ನೆಗಳು

ಲಿನಕ್ಸ್ ಹಾಕ್ಕೊಂಡ ನೆಂಟರು, ಆಫೀಸಿನವರು, ಫ್ರೆಂಡಿನ ಫ್ರೆಂಡು ಎಲ್ರೂ ಸುತ್ತಿ ಬಳಸಿ ನನ್ನ ಹತ್ರ ಕೇಳೋದು ಇವೇ ಪ್ರಶ್ನೆ, ಪ್ರತಿ ಸಲ ಫೋನಲ್ಲಿ ಹೇಳಿ ಹೇಳಿ ಸಾಕಾಗಿ ಒಂದೇ ಕಡೆ ಬರ್ದಿಟ್ಟಿದೀನಿ. ಕಮಾಂಡು, ಫೈಲ್ ಹೆಸರು ಎಲ್ಲಾನೂ ಬಾಯಲ್ಲಿ ಹೇಳೋ ಥರ ಕನ್ನಡದಲ್ಲೇ ಇದೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡ್ಕೊಳ್ಳಿ, ಫೈಲ್ ಹೆಸರಲ್ಲಿ ಪದಗಳ ಮಧ್ಯ ಅಂಡರ್‌ಸ್ಕೋರ್ ಬರುತ್ತೆ ಅಂತ ನೆನಪಿರ್ಲಿ. ಇಲ್ಲಿರೋದು ಜಾಸ್ತಿ ಲ್ಯಾಪ್‌ಟಾಪ್ ವಿಷಯ, ಕೊನೇಲಿ ರಾಸ್ಪ್‌ಬೆರಿ ಪೈ ಬಗ್ಗೆ ಸ್ವಲ್ಪ.

ಪ್ರ: ಲಿನಕ್ಸ್ ಹಾಕಿದ್ಮೇಲೆ ಬ್ಯಾಟರಿ ಬೇಗ ಖಾಲಿ ಆಗ್ತಿದೆ, ಫ್ಯಾನ್ ಬೇರೆ ಒಂದೇ ಸಮ ಕೂಗುತ್ತೆ. ಎಲ್ಲಿಂದ ನೋಡ್ಕೊಂಡು ಬರ್ಲಿ?

ಪ್ರೊಸೆಸರ್ ಕರೆಂಟ್ ಉಳಿಸೋಕೆ ಎರಡು ದಾರಿ. ಕೆಲಸ ಇದ್ದಾಗ ಎಷ್ಟು ಬೇಕೋ ಅಷ್ಟೇ ಸ್ಪೀಡಲ್ಲಿ ಓಡೋದು ಒಂದು, ಅದಕ್ಕೆ ಪಿ-ಸ್ಟೇಟ್ ಅಂತಾರೆ, ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು) ಅದನ್ನ ನೋಡ್ಕೊಳ್ಳೋ ಭಾಗ ಸಿಪಿಯುಫ್ರೀಕ್. ಕೆಲಸ ಇಲ್ದಾಗ ಮಲಗಿಬಿಡೋದು ಇನ್ನೊಂದು, ಅದು ಸಿ-ಸ್ಟೇಟ್, ಅದನ್ನ ನೋಡ್ಕೊಳ್ಳೋದು ಸಿಪಿಯುಐಡಲ್. ಜನ ಗಂಟೆಗಟ್ಲೆ ಒದ್ದಾಡೋದು ಮೊದಲನೇದರ ಜೊತೆ, ಆದ್ರೆ ಲ್ಯಾಪ್‌ಟಾಪ್ ಬ್ಯಾಟರಿ ಸಾಮಾನ್ಯವಾಗಿ ಸೋರೋದು ಎರಡನೇದರಲ್ಲಿ, ಯಾಕಂದ್ರೆ ನಾವು ಓದ್ತಾ ಕೂತಿರೋ ಹೊತ್ತಲ್ಲಿ ಪ್ರೊಸೆಸರ್‌ಗೆ ನಿಜವಾಗ್ಲೂ ಕೆಲಸಾನೇ ಇರಲ್ಲ.

ಏನಾದ್ರೂ ಬದಲಾಯಿಸೋಕೆ ಮುಂಚೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ: ಸ್ಪೀಡನ್ನ ಹಿಡ್ಕೊಂಡಿರೋರು ಯಾರು? ಕರ್ನಲ್ಲಾ, ಬಯಾಸಾ (ಮದರ್‌ಬೋರ್ಡ್‌ನೊಳಗೇ ಇರೋ ಸಾಫ್ಟ್‌ವೇರು), ಚಾರ್ಜರಾ, ಇಲ್ಲಾ ಬಿಸಿನಾ? ಕೆಳಗಿನ ಉತ್ತರಗಳೆಲ್ಲ ಅದನ್ನ ಕಂಡುಹಿಡಿಯೋ ದಾರಿಗಳೇ. ಇಂಟರ್ನೆಟ್‌ನಲ್ಲಿ ಸಿಕ್ಕ ಹತ್ತು ಬೂಟ್ ಪ್ಯಾರಾಮೀಟರ್ (ಬೂಟ್ ಸಾಲಲ್ಲಿ ಕರ್ನಲ್‌ಗೆ ಕೊಡೋ ಸೂಚನೆ) ಒಟ್ಟಿಗೆ ಹಾಕೋದು ಹೊಟ್ಟೆನೋವಿಗೆ ಮೆಡಿಕಲ್ ಶಾಪಲ್ಲಿರೋ ಮಾತ್ರೆನೆಲ್ಲ ನುಂಗಿದ ಹಾಗೆ, ವಾಸಿ ಆದ್ರೂ ಯಾವುದರಿಂದ ಆಯ್ತು ಅಂತ ಗೊತ್ತಾಗಲ್ಲ.

ಪ್ರ: ಸ್ಪೀಡ್ ಇಳಿಸಿದ್ರೆ ಕೆಲಸ ಮುಗಿಯೋಕೆ ಟೈಮ್ ಜಾಸ್ತಿ ಹಿಡಿಯುತ್ತಲ್ಲ, ಲೆಕ್ಕ ಅಲ್ಲಿಗಲ್ಲಿಗೇ ಆಯ್ತಲ್ಲ?

ಇಲ್ಲ. ಸ್ಪೀಡ್ ಇಳಿದ್ರೆ ವೋಲ್ಟೇಜೂ ಇಳಿಯುತ್ತೆ, ವಿಷಯ ಇರೋದೇ ಅಲ್ಲಿ. ಚಿಪ್ ಓಡೋವಾಗ ಎಳೆಯೋ ಪವರ್ರು ಫ್ರೀಕ್ವೆನ್ಸಿಗೆ ತಕ್ಕಂತೆ ಏರುತ್ತೆ, ವೋಲ್ಟೇಜ್‌ಗಾದ್ರೆ ಅದರ ವರ್ಗಕ್ಕೆ ತಕ್ಕಂತೆ ಏರುತ್ತೆ. ಲೆಕ್ಕಕ್ಕೆ ಹೇಳ್ತೀನಿ, ಸ್ಪೀಡು ಅರ್ಧ ಆಗಿ ವೋಲ್ಟೇಜು 1.2ರಿಂದ 0.8ಕ್ಕೆ ಇಳಿದ್ರೆ ಪವರ್ ಅರ್ಧಕ್ಕಲ್ಲ, ಹೆಚ್ಚುಕಮ್ಮಿ 22 ಪರ್ಸೆಂಟ್‌ಗೆ ಬರುತ್ತೆ. ಕೆಲಸಕ್ಕೆ ಎರಡು ಪಟ್ಟು ಟೈಮ್ ಹಿಡಿದ್ರೂ ಪ್ರೊಸೆಸರ್ ತಿನ್ನೋದು 44 ಪರ್ಸೆಂಟು ಅಷ್ಟೇ.

ಹಂಗಂತ ಯಾವಾಗ್ಲೂ ತಳದಲ್ಲೇ ಇಟ್ರೆ ಲಾಭ ಅನ್ಕೋಬೇಡಿ. ಪ್ರೊಸೆಸರ್ ಎದ್ದಿರೋ ಅಷ್ಟು ಹೊತ್ತೂ ಮೆಮೊರಿ, ಸುತ್ತಲಿನ ಸರ್ಕ್ಯೂಟ್ ಎಲ್ಲಾ ಎದ್ದಿರ್ಬೇಕು, ಅದಕ್ಕೆ ಕೆಲವು ಕೆಲಸ ಬೇಗ ಮುಗಿಸಿ ಬೇಗ ಮಲಗಿಸಿಬಿಡೋದೇ ಅಗ್ಗ. ಎಲ್ಲಿ ಯಾವುದು ಅಂತ ಲೆಕ್ಕ ಹಾಕೋಕೇ ಗವರ್ನರ್ ಅನ್ನೋದು ಇರೋದು.

ಪ್ರ: ನನ್ನ ಮೆಷೀನಲ್ಲಿ ಯಾವ ಡ್ರೈವರ್ ಓಡ್ತಿದೆ ಅಂತ ಹೇಗೆ ನೋಡೋದು?

ಸಿಪಿಯುಪವರ್ ಫ್ರೀಕ್ವೆನ್ಸಿ-ಇನ್ಫೋ ಅಂತ ಹೊಡೀರಿ, ಮೊದಲ ಸಾಲುಗಳಲ್ಲೇ ಡ್ರೈವರ್ ಹೆಸರಿರುತ್ತೆ. ಈ ಟೂಲು ಡೆಬಿಯನ್‌ನಲ್ಲಿ ಲಿನಕ್ಸ್-ಸಿಪಿಯುಪವರ್ ಅನ್ನೋ ಪ್ಯಾಕೇಜಲ್ಲಿದೆ, ಉಬುಂಟುನಲ್ಲಿ ಲಿನಕ್ಸ್-ಟೂಲ್ಸ್ ಪ್ಯಾಕೇಜು, ಫೆಡೋರಾದಲ್ಲಿ ಕರ್ನಲ್-ಟೂಲ್ಸ್. ಉಬುಂಟುನಲ್ಲಿ ಕರ್ನಲ್ ಅಪ್‌ಡೇಟ್ ಆದ್ಮೇಲೆ "ಈ ಕರ್ನಲ್‌ಗೆ ಸಿಪಿಯುಪವರ್ ಇಲ್ಲ" ಅಂತ ಬೈದ್ರೆ ಗಾಬರಿ ಬೇಡ, ಹೊಸ ಕರ್ನಲ್ ನಂಬರಿಗೆ ಸರಿಯಾದ ಲಿನಕ್ಸ್-ಟೂಲ್ಸ್ ಹಾಕಿದ್ರೆ ಸರಿಹೋಗುತ್ತೆ, ಪವರ್ ಮ್ಯಾನೇಜ್‌ಮೆಂಟ್ ಕೆಟ್ಟಿದೆ ಅಂತ ಅಲ್ಲ ಅದು.

ಟೂಲ್ ಬೇಡ ಅಂದ್ರೆ ನೇರವಾಗಿ ಫೈಲೇ ಓದಿ. ಸಿಸ್ ಫೋಲ್ಡರಿನ ಒಳಗೆ ಡಿವೈಸಸ್, ಅದರೊಳಗೆ ಸಿಸ್ಟಮ್, ಸಿಪಿಯು, ಸಿಪಿಯು0, ಆಮೇಲೆ ಸಿಪಿಯುಫ್ರೀಕ್. ಅಲ್ಲಿ ಸ್ಕೇಲಿಂಗ್ ಡ್ರೈವರ್ ಅನ್ನೋ ಫೈಲಿದೆ. ಅದರಲ್ಲಿ ಸಾಮಾನ್ಯವಾಗಿ ಸಿಗೋ ಹೆಸರುಗಳು:

ಇಂಟೆಲ್ ಪಿಸ್ಟೇಟ್ – ಸ್ಯಾಂಡಿ ಬ್ರಿಡ್ಜ್ ತಲೆಮಾರಿನಿಂದ ಈಚೆಯ ಇಂಟೆಲ್ ಪ್ರೊಸೆಸರ್‌ಗಳಿಗೆ, 2013ರ 3.9 ಕರ್ನಲ್‌ನಲ್ಲಿ ಬಂತು.
ಇಂಟೆಲ್ ಸಿಪಿಯುಫ್ರೀಕ್ – ಇದೂ ಅದೇ ಡ್ರೈವರೇ, ಪ್ಯಾಸಿವ್ ಮೋಡ್‌ನಲ್ಲಿ (ಸ್ಪೀಡ್ ನಿರ್ಧಾರ ಕರ್ನಲ್‌ನ ಮಾಮೂಲಿ ಗವರ್ನರ್‌ಗಳಿಗೆ ಬಿಟ್ಟು) ಓಡ್ತಿರೋವಾಗ ಹೆಸರು ಬದಲಾಗುತ್ತೆ.
ಎಸಿಪಿಐ-ಸಿಪಿಯುಫ್ರೀಕ್ – ಹಳೇ ಕಾಲದ್ದು, ಎಸಿಪಿಐ (ಬಯಾಸು, ಓಎಸ್ಸು ಮಾತಾಡ್ಕೊಳ್ಳೋ ಭಾಷೆ) ಮೂಲಕ ಬಯಾಸ್ ಕೊಡೋ ಸ್ಪೀಡ್ ಪಟ್ಟಿ ನೋಡ್ಕೊಂಡು ಓಡುತ್ತೆ.
ಎಎಮ್‌ಡಿ-ಪಿಸ್ಟೇಟ್, ಎಎಮ್‌ಡಿ-ಪಿಸ್ಟೇಟ್-ಇಪಿಪಿ – ರೈಜೆನ್‌ಗೆ. ಮೊದಲನೇದು 2022ರಲ್ಲಿ 5.17 ಕರ್ನಲ್ ಜೊತೆ ಬಂತು, ಇಪಿಪಿ 2023ರಲ್ಲಿ 6.3 ಜೊತೆ.

ಪ್ರ: "ಈ ಸಿಪಿಯುನಲ್ಲಿ ಡ್ರೈವರ್ ಇಲ್ಲ ಅಥವಾ ಗೊತ್ತಿಲ್ಲ" ಅಂತ ಬರ್ತಿದೆ, ಸಿಪಿಯುಫ್ರೀಕ್ ಫೋಲ್ಡರೇ ಇಲ್ಲ.

ಮೊದಲು ಹೇಳಿ, ವರ್ಚುವಲ್ ಮೆಷೀನ್ ಒಳಗಿಂದ ನೋಡ್ತಿದೀರಾ? ವರ್ಚುವಲ್‌ಬಾಕ್ಸ್ ಒಳಗೆ ಉಬುಂಟು ಹಾಕ್ಕೊಂಡು ಈ ಪ್ರಶ್ನೆ ಕೇಳೋರು ಬೇಕಾದಷ್ಟು ಜನ. ಅಲ್ಲಿ ಇರಲ್ಲ, ಇರಬೇಕಾಗೂ ಇಲ್ಲ, ಸ್ಪೀಡ್ ನೋಡ್ಕೊಳ್ಳೋದು ಹೊರಗಿರೋ ಓಎಸ್ ಕೆಲಸ.

ನಿಜವಾದ ಮೆಷೀನೇ ಆದ್ರೆ ರೀಸ್ಟಾರ್ಟ್ ಮಾಡಿ ಬಯಾಸ್‌ಗೆ ಹೋಗಿ. ಇಂಟೆಲ್‌ನಲ್ಲಿ ಸ್ಪೀಡ್‌ಸ್ಟೆಪ್, ಸ್ಪೀಡ್ ಶಿಫ್ಟ್ ಅಂತ ಇರುತ್ತೆ, ಎಎಮ್‌ಡಿಯಲ್ಲಿ ಕೂಲ್ ಅಂಡ್ ಕ್ವಯೆಟ್, ಸಿಪಿಪಿಸಿ. ಇದನ್ನ ಯಾರಾದ್ರೂ ಆಫ್ ಮಾಡಿದ್ರೆ ಕರ್ನಲ್‌ಗೆ ಪ್ರೊಸೆಸರ್‌ನ ಸ್ಪೀಡ್ ಪಟ್ಟಿ ಸಿಗಲ್ಲ. ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್‌ಗಳಲ್ಲಿ ಇದು ಜಾಸ್ತಿ, ಹಿಂದಿನ ಓನರ್ರು ಓವರ್‌ಕ್ಲಾಕ್ ಮಾಡೋಕೆ ಅಂತ ಎಲ್ಲಾ ಆಫ್ ಮಾಡಿ ಹಂಗೇ ಮಾರಿರ್ತಾರೆ. ಸೆಟಿಂಗ್ ಸರಿಯಾಗೇ ಇದ್ದೂ ಬರ್ತಿಲ್ಲ ಅಂದ್ರೆ ಬಯಾಸ್ ಅಪ್‌ಡೇಟ್ ಇದ್ಯಾ ನೋಡಿ, ಅದೂ ಆಗಿದೆ ಅಂದ್ರೆ ಬೂಟ್ ಸಾಲಲ್ಲಿ ಇಂಟೆಲ್ ಪಿಸ್ಟೇಟ್ ಡಿಸೇಬಲ್ ಅಂತ ಎಂದೋ ನೀವೇ ಹಾಕಿ ಮರ್ತಿದೀರಾ ನೋಡಿ. ಪ್ರಾಕ್ ಫೋಲ್ಡರಿನಲ್ಲಿರೋ ಸಿಎಮ್‌ಡಿಲೈನ್ ಫೈಲ್ ಓದಿದ್ರೆ ಗೊತ್ತಾಗುತ್ತೆ. ನಾನೇ ಒಂದ್ಸಲ ಹಿಂಗೆ ಹಾಕಿ ಆರು ತಿಂಗಳಾದ್ಮೇಲೆ ಕರ್ನಲ್‌ನ ಬೈಕೊಂಡು ಕೂತಿದ್ದೆ.

ಪ್ರ: ಗವರ್ನರ್ ಪಟ್ಟೀಲಿ ಬರೀ ಪರ್ಫಾರ್ಮೆನ್ಸ್, ಪವರ್‌ಸೇವ್ ಎರಡೇ ಇವೆ. ಆನ್‌ಡಿಮ್ಯಾಂಡ್ ಎಲ್ಲಿ ಹೋಯ್ತು? ಪವರ್‌ಸೇವ್ ಅಂದ್ರೆ ಯಾವಾಗ್ಲೂ ಸ್ಲೋನಾ?

ಈ ಗೊಂದಲಕ್ಕೆ ನಿಮ್ಮ ತಪ್ಪಿಲ್ಲ, ಹೆಸರಿಟ್ಟೋರ ತಪ್ಪು. ಒಂದೇ ಹೆಸರಿನ ಎರಡು ಬೇರೆ ಬೇರೆ ವಸ್ತು ಇದು.

ಎಸಿಪಿಐ-ಸಿಪಿಯುಫ್ರೀಕ್ ಥರದ ಹಳೇ ಡ್ರೈವರಲ್ಲಿ ಪವರ್‌ಸೇವ್ ಅಂದ್ರೆ ಸ್ಪೀಡನ್ನ ತಳಕ್ಕೆ ಇಳಿಸಿ ಅಲ್ಲೇ ಮೊಳೆ ಹೊಡೆಯೋದು. ಇಂಟೆಲ್ ಪಿಸ್ಟೇಟ್ ಆಕ್ಟಿವ್ ಮೋಡ್‌ನಲ್ಲಿರೋ (ಡ್ರೈವರ್ರೇ ಸ್ಪೀಡ್ ನೋಡ್ಕೊಳ್ಳೋ) ಪವರ್‌ಸೇವ್ ಹಂಗಲ್ಲ, ಕೆಲಸ ಬಂದ್ರೆ ಏರುತ್ತೆ, ಹೋದ್ರೆ ಇಳಿಯುತ್ತೆ, ಹಳೇ ಆನ್‌ಡಿಮ್ಯಾಂಡ್ ಮಾಡ್ತಿದ್ದ ಕೆಲಸಾನೇ ಅದು. ಹಾಗಾಗಿ ಹೊಸ ಇಂಟೆಲ್ ಲ್ಯಾಪ್‌ಟಾಪಲ್ಲಿ ಪವರ್‌ಸೇವ್ ಅಂತ ಕಂಡ ತಕ್ಷಣ ಪರ್ಫಾರ್ಮೆನ್ಸ್‌ಗೆ ಬದಲಾಯಿಸೋಕೆ ಹೋಗ್ಬೇಡಿ, ಅದು ಇರ್ಬೇಕಾದ್ದೇ ಹಂಗೆ.

ಇಂಟೆಲ್‌ನ ಸ್ಕೈಲೇಕ್ ತಲೆಮಾರಿನಿಂದ ಈಚೆಯ ಚಿಪ್‌ಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದಾರೆ, ಸ್ಪೀಡ್ ಆರಿಸೋದು ಪ್ರೊಸೆಸರ್ರೇ, ಕರ್ನಲ್ ಬರೀ ಸೂಚನೆ ಕೊಡುತ್ತೆ. ಆ ಸೂಚನೆ ಇರೋ ಫೈಲು ಎನರ್ಜಿ ಪರ್ಫಾರ್ಮೆನ್ಸ್ ಪ್ರಿಫರೆನ್ಸ್ (ಮೇಲೆ ಬಂದ ಇಪಿಪಿ ಇದೇ), ಅದರಲ್ಲಿ ಪರ್ಫಾರ್ಮೆನ್ಸ್, ಬ್ಯಾಲೆನ್ಸ್ ಪರ್ಫಾರ್ಮೆನ್ಸ್, ಬ್ಯಾಲೆನ್ಸ್ ಪವರ್, ಪವರ್ ಅಂತ ಬರೀಬಹುದು. ಬ್ಯಾಟರಿ ಮೇಲೆ ನಾನು ಇಡೋದು ಬ್ಯಾಲೆನ್ಸ್ ಪವರ್, ಬ್ರೌಸರ್‌ನಲ್ಲಿ ಓದೋಕೆ ಬರೆಯೋಕೆ ವ್ಯತ್ಯಾಸಾನೇ ಗೊತ್ತಾಗಲ್ಲ. ಬರೆಯೋಕೆ ಹೋದ್ರೆ "ಡಿವೈಸ್ ಬಿಝಿ" ಅಂತ ಬಂದ್ರೆ ಗವರ್ನರ್ ಪರ್ಫಾರ್ಮೆನ್ಸ್‌ನಲ್ಲಿದೆ ಅಂತ ಅರ್ಥ, ಮೊದ್ಲು ಅದನ್ನ ಪವರ್‌ಸೇವ್‌ಗೆ ತನ್ನಿ.

ಬ್ರಾಡ್‌ವೆಲ್, ಹ್ಯಾಸ್ವೆಲ್, ಅದಕ್ಕೂ ಹಳೇದಾದ್ರೆ 2020ರ 5.7 ಕರ್ನಲ್‌ನಿಂದ ಡ್ರೈವರ್ ತಾನಾಗೇ ಪ್ಯಾಸಿವ್ ಮೋಡ್‌ಗೆ ಹೋಗುತ್ತೆ, ಅಲ್ಲಿ ಸಾಮಾನ್ಯವಾಗಿ ಶೆಡ್‌ಯುಟಿಲ್ ಕಾಣುತ್ತೆ. ಶೆಡ್‌ಯುಟಿಲ್ 2016ರಲ್ಲಿ 4.7 ಕರ್ನಲ್ ಜೊತೆ ಬಂದಿದ್ದು, ಶೆಡ್ಯೂಲರ್ (ಯಾವ ಕೆಲಸ ಯಾವಾಗ ಓಡ್ಬೇಕು ಅಂತ ನೋಡೋ ಕರ್ನಲ್ ಭಾಗ) ಹತ್ರ ಇರೋ ಲೆಕ್ಕಾನೇ ತಗೊಂಡು ಸ್ಪೀಡ್ ನಿರ್ಧಾರ ಮಾಡುತ್ತೆ. ಪ್ಯಾಸಿವ್ ಮೋಡ್‌ನಲ್ಲಿ ಪವರ್‌ಸೇವ್ ಆರಿಸಿದ್ರೆ ಮಾತ್ರ ಹುಷಾರು, ಅದು ಹಳೇ ಅರ್ಥದ ಪವರ್‌ಸೇವ್, ಮೊಳೆ ಹೊಡೆಯೋದು.

ಪ್ರ: ಏನು ಮಾಡಿದ್ರೂ 400 ಅಥವಾ 800 ಮೆಗಾಹರ್ಟ್ಸ್ ಬಿಟ್ಟು ಮೇಲೇಳ್ತಾನೇ ಇಲ್ಲ. ಪರ್ಫಾರ್ಮೆನ್ಸ್ ಹಾಕಿದ್ರೂ ಅಷ್ಟೇ!

ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ಬೇಕು, ಯಾಕಂದ್ರೆ ಲಿನಕ್ಸ್‌ಗೆ ಅನ್ಯಾಯವಾಗಿ ಬೈಗುಳ ಬೀಳೋದು ಇಲ್ಲೇ.

ನಮ್ಮ ಚಿಕ್ಕಮ್ಮನ ಮಗ ಒಂದಿನ ಲ್ಯಾಪ್‌ಟಾಪ್ ಹೊತ್ಕೊಂಡು ಬಂದ. "ಅಣ್ಣಾ, ನೀನು ಹೇಳ್ದೆ ಅಂತ ಲಿನಕ್ಸ್ ಹಾಕಿದ್ದು, ಈಗ ಯೂಟ್ಯೂಬೂ ತಡವರಿಸ್ತಿದೆ, ಎರಡು ಸಲ ಫಾರ್ಮ್ಯಾಟ್ ಮಾಡಿದೀನಿ" ಅಂದ. ನೋಡಿದ್ರೆ ಡ್ರೈವರ್ ಇಂಟೆಲ್ ಪಿಸ್ಟೇಟ್, ಸರಿ ಇದೆ. ಗವರ್ನರ್ ಸರಿ ಇದೆ. ಸ್ಕೇಲಿಂಗ್ ಮ್ಯಾಕ್ಸ್ ಫ್ರೀಕ್ ಫೈಲಲ್ಲಿ 3.4 ಗಿಗಾಹರ್ಟ್ಸ್ ಅಂತಾನೇ ಇದೆ. ಆದ್ರೆ ಟರ್ಬೋಸ್ಟ್ಯಾಟ್ (ಪ್ರೊಸೆಸರ್‌ನ ನಿಜವಾದ ಸ್ಪೀಡು, ವಾಟ್ಸು ತೋರಿಸೋ ಟೂಲು) ಓಡಿಸಿ ಲೋಡ್ (ಭಾರಿ ಕೆಲಸ) ಕೊಟ್ರೆ ನಾಲ್ಕೂ ಕೋರ್‌ಗಳು 798ರಲ್ಲಿ ಕೂತ್ಬಿಟ್ಟಿವೆ, ಟೆಂಪರೇಚರ್ ಬರೀ 45 ಡಿಗ್ರಿ. ಬಿಸಿ ಇಲ್ಲ, ಕರ್ನಲ್ ತಡೀತಿಲ್ಲ, ಮತ್ತ್ಯಾರು? ಅರ್ಧ ಗಂಟೆ ತಲೆ ಕೆರ್ಕೊಂಡಾದ್ಮೇಲೆ ಅವರಮ್ಮ ಮಿಕ್ಸಿ ಹಾಕೋಕೆ ಅಂತ ಅದೇ ಬೋರ್ಡಿಂದ ಚಾರ್ಜರ್ ಕಿತ್ರು ನೋಡಿ, ಸ್ಕ್ರೀನ್ ಮೇಲೆ 798 ಹೋಗಿ 2600 ಆಯ್ತು. ಮತ್ತೆ ಚುಚ್ಚಿದ್ವಿ, 798. ಕಿತ್ವಿ, 2600.

ಚಾರ್ಜರ್‌ನ ದುಂಡು ಪಿನ್ನಿನ ಒಳಗೆ ಮಧ್ಯದಲ್ಲಿ ಕೂದಲಷ್ಟು ಸಣ್ಣ ಇನ್ನೊಂದು ಪಿನ್ ಇರುತ್ತೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ. ಅದರ ಮೂಲಕ ಚಾರ್ಜರ್ರು "ನಾನು ಇಷ್ಟು ವಾಟ್‌ನವನು" ಅಂತ ಲ್ಯಾಪ್‌ಟಾಪ್‌ಗೆ ಹೇಳೋದು. ಟಾರ್ಚ್ ಬಿಟ್ಟು ನೋಡಿದ್ರೆ ಆ ಪಿನ್ನು ಬಗ್ಗಿ ಪಕ್ಕದ ಗೋಡೆಗೆ ಒರಗಿ ಮಲಗಿತ್ತು. ಚಾರ್ಜರ್ ಯಾವುದು ಅಂತ ಗೊತ್ತಾಗ್ದೆ ಲ್ಯಾಪ್‌ಟಾಪ್‌ನ ಫರ್ಮ್‌ವೇರು ಜೀವ ಉಳಿದ್ರೆ ಸಾಕು ಅಂತ ಪ್ರೊಸೆಸರ್‌ಗೆ ಲಗಾಮು ಹಾಕ್ಬಿಟ್ಟಿತ್ತು. ಈ ಲಗಾಮಿನ ಹೆಸರು ಬಿ.ಡಿ. ಪ್ರಾಕ್‌ಹಾಟ್ (ಬಿ.ಡಿ. ಅಂದ್ರೆ ಬೈ-ಡೈರೆಕ್ಷನಲ್). ಪ್ರೊಸೆಸರ್ ಬಿಸಿ ಆದಾಗ ಹೊರಗೆ ಹೇಳೋಕೆ ಇರೋ ತಂತಿ ಅದು, ಆದ್ರೆ ಎರಡೂ ಕಡೆಯಿಂದ ಎಳೀಬಹುದು, ಹೊರಗಿನವರು ಎಳೆದ್ರೆ ಪ್ರೊಸೆಸರ್ ತಾನು ತಣ್ಣಗಿದ್ರೂ ಸ್ಪೀಡ್ ಇಳಿಸ್ಲೇಬೇಕು. ಗೋಡೆಯಿಂದ ಚಾರ್ಜರ್ ತೆಗೆದು, ಸೇಫ್ಟಿ ಪಿನ್ನಲ್ಲಿ ಆ ಕೂದಲನ್ನ ಮೆಲ್ಲಗೆ ಎಬ್ಬಿಸಿ ನಿಲ್ಸಿದ್ವಿ, ಸರಿಹೋಯ್ತು. ಫಾರ್ಮ್ಯಾಟ್ ಮಾಡಿದ್ದು ಎರಡೂ ಸಲ ದಂಡ.

ಹಾಗಾಗಿ ಕ್ರಮ ಇದು: ಚಾರ್ಜರ್ ಕಿತ್ತು ನೋಡಿ. ಬೇರೆ ಒರಿಜಿನಲ್ ಚಾರ್ಜರ್ ಹಾಕಿ ನೋಡಿ, ಡೂಪ್ಲಿಕೇಟು, ಕಮ್ಮಿ ವಾಟಿನ ಟೈಪ್-ಸಿ ಎಲ್ಲಾ ಇದೇ ಗೋಳು. ಬ್ಯಾಟರಿ ತೆಗೆದು ನೋಡಿ, ಸತ್ತ ಬ್ಯಾಟರಿ ಇದ್ರೂ, ಬ್ಯಾಟರಿ ಇಲ್ದೇ ಇದ್ರೂ ಕೆಲವು ಮೆಷೀನು ಹಿಂಗೇ ಆಡ್ತವೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡೀರಿ, ಫರ್ಮ್‌ವೇರ್ ಕೆಲವು ಸಲ ಅದಕ್ಕೇ ಸರಿಹೋಗುತ್ತೆ.

ಪ್ರ: ಬಿ.ಡಿ. ಪ್ರಾಕ್‌ಹಾಟ್‌ನ ಸಾಫ್ಟ್‌ವೇರಲ್ಲೇ ಆಫ್ ಮಾಡಬಹುದಂತಲ್ಲ?

ಮಾಡಬಹುದು. ಎಮ್‌ಎಸ್‌ಆರ್-ಟೂಲ್ಸ್ (ಪ್ರೊಸೆಸರ್ ಒಳಗಿನ ಸೆಟಿಂಗ್ ರಿಜಿಸ್ಟರ್‌ಗಳನ್ನ ಓದಿ ಬರೆಯೋ ಟೂಲು) ಹಾಕಿ 0x1ಎಫ್‌ಸಿ ಅನ್ನೋ ರಿಜಿಸ್ಟರ್‌ನ ಸೊನ್ನೆ ನಂಬರಿನ ಬಿಟ್ ಆಫ್ ಮಾಡಿದ್ರೆ ಆಯ್ತು. ಸೆಕ್ಯೂರ್ ಬೂಟ್ ಆನ್ ಇದ್ರೆ ಎಷ್ಟೋ ಡಿಸ್ಟ್ರೋಗಳಲ್ಲಿ ಕರ್ನಲ್ ಇದನ್ನ ಬರೆಯೋಕೇ ಬಿಡಲ್ಲ. ರೀಬೂಟ್ ಆದ್ರೆ ಮತ್ತೆ ಮೊದಲಿನ ಹಾಗೇ, ಸಸ್ಪೆಂಡ್ ಆಗಿ ಎದ್ದಾಗ್ಲೂ ಹೋಗಿರಬಹುದು.

ನನ್ನ ಅಭಿಪ್ರಾಯ ಕೇಳಿದ್ರೆ, ಕಾರಣ ಇದೇ ಅಂತ ಗೊತ್ತುಮಾಡ್ಕೊಳ್ಳೋಕೆ ಒಂದ್ಸಲ ಮಾಡಿ ನೋಡಿ, ದಿನಾ ಹಂಗೇ ಓಡಿಸ್ಬೇಡಿ. ಮದರ್‌ಬೋರ್ಡ್‌ನ ಪವರ್ ಸರ್ಕ್ಯೂಟ್ ನಿಜವಾಗ್ಲೂ ಕಾದು ಕೂಗಿಕೊಂಡ್ರೂ ಪ್ರೊಸೆಸರ್‌ಗೆ ಕೇಳ್ಸಲ್ಲ ಆಗ.

ಪ್ರ: ಬಯಾಸ್ ಲಿಮಿಟ್ ಅನ್ನೋ ಫೈಲಲ್ಲಿ ಕಮ್ಮಿ ನಂಬರ್ ಇದೆ, ಇದೇನು?

ದೇವರು ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಅದು. ಪ್ರೊಸೆಸರ್‌ಗೆ ತಾಕತ್ತಿದೆ, ಬಯಾಸ್ ಮಾತ್ರ "ಸದ್ಯಕ್ಕೆ ಇಷ್ಟೇ" ಅಂತ ಎಸಿಪಿಐನ ಪಿಪಿಸಿ ಅನ್ನೋದರ ಮೂಲಕ ಹೇಳ್ತಿದೆ. ಎಸಿಪಿಐ-ಸಿಪಿಯುಫ್ರೀಕ್ ಓಡ್ತಿರೋ ಹಳೇ ಮೆಷೀನುಗಳಲ್ಲಿ ಇದು ಕಾಣೋದು ಜಾಸ್ತಿ. ಪ್ರೊಸೆಸರ್ ಡಾಟ್ ಇಗ್ನೋರ್ ಪಿಪಿಸಿ ಈಕ್ವಲ್ ಟು 1 ಅಂತ ಬೂಟ್ ಸಾಲಲ್ಲಿ ಹಾಕಿದ್ರೆ ಕರ್ನಲ್ ಆ ಮಾತಿಗೆ ಬೆಲೆ ಕೊಡಲ್ಲ. ಬಯಾಸ್ ಯಾಕೆ ಹಂಗೆ ಹೇಳ್ತಿದೆ ಅಂತ ಮೊದ್ಲು ಮೇಲಿನ ಚಾರ್ಜರ್ ಪುರಾಣ ಓದಿ ಬನ್ನಿ.

ಪ್ರ: ರೈಜೆನ್ ಇದೆ, ಕರ್ನಲ್ ಹೊಸದೇ, ಆದ್ರೂ ಎಸಿಪಿಐ-ಸಿಪಿಯುಫ್ರೀಕ್ ಅಂತಾನೇ ತೋರಿಸ್ತಿದೆ. ಬರೀ ಮೂರೇ ಸ್ಪೀಡ್ ಕಾಣ್ತಿವೆ.

ಎಸಿಪಿಐ ಪಟ್ಟೀಲಿ ರೈಜೆನ್‌ಗೆ ಸಾಮಾನ್ಯವಾಗಿ ಮೂರೇ ಮೆಟ್ಟಿಲು ಸಿಗೋದು, ಅದಕ್ಕೇ ಹಂಗೆ. ಎಎಮ್‌ಡಿ-ಪಿಸ್ಟೇಟ್ ಬಂದ್ರೆ ಮೆಟ್ಟಿಲು ಹೋಗಿ ಇಳಿಜಾರು ಸಿಗುತ್ತೆ, ಸಣ್ಣ ಸಣ್ಣ ವ್ಯತ್ಯಾಸದಲ್ಲಿ ಏರಿ ಇಳಿಯಬಹುದು. ಇದು ಬರೋಕೆ ಬಯಾಸಲ್ಲಿ ಸಿಪಿಪಿಸಿ ಆನ್ ಇರ್ಬೇಕು, ಪ್ರೊಸೆಸರ್ ಎಎಮ್‌ಡಿಯ ಝೆನ್ 2 ತಲೆಮಾರಿನದು ಅಥವಾ ಅದಕ್ಕಿಂತ ಹೊಸದಿರ್ಬೇಕು. ಡಿಮೆಸ್ಜ್ (ಕರ್ನಲ್‌ನ ಸಂದೇಶ ತೋರಿಸೋ ಕಮಾಂಡು) ಓಡಿಸಿ ಎಎಮ್‌ಡಿ ಪಿಸ್ಟೇಟ್ ಅಂತ ಹುಡ್ಕಿ, "ಸಿಪಿಸಿ ಆಬ್ಜೆಕ್ಟ್ (ಸಿಪಿಪಿಸಿಗೆ ಬಯಾಸ್ ಕೊಡೋ ಮಾಹಿತಿ) ಬಯಾಸಲ್ಲಿ ಇಲ್ಲ" ಅನ್ನೋ ಅರ್ಥದ ಸಾಲು ಸಿಕ್ರೆ ಅಲ್ಲಿಗೆ ಕರ್ನಲ್ ಕಡೆ ಕೆಲಸ ಮುಗೀತು, ಬಯಾಸ್ ಕಡೆ ಹೋಗಿ. ಅಲ್ಲಿ ಆಟೋ ಅಂತಿದ್ರೆ ಕೈಯಾರೆ ಎನೇಬಲ್ ಮಾಡಿ, ಕೆಲವು ಬೋರ್ಡಲ್ಲಿ ಆಟೋ ಅಂದ್ರೆ ಆಫ್ ಅಂತಾನೇ ಅರ್ಥ. ಆಮೇಲೂ ಬರದಿದ್ರೆ ಬೂಟ್ ಸಾಲಿಗೆ ಎಎಮ್‌ಡಿ ಪಿಸ್ಟೇಟ್ ಈಕ್ವಲ್ ಟು ಆಕ್ಟಿವ್ ಅಂತ ಸೇರಿಸಿ.

ಪ್ರ: ಏನೂ ಕೆಲಸ ಇಲ್ಲ, ಆದ್ರೂ ಸ್ಪೀಡ್ 3 ಗಿಗಾಹರ್ಟ್ಸ್ ತೋರಿಸುತ್ತೆ. ಪವರ್ ವೇಸ್ಟ್ ಆಗ್ತಿದೆಯಲ್ವಾ?

ಮಗು ಮಲಗಿದೆಯಾ ಅಂತ ನೋಡೋಕೆ ಅಲ್ಲಾಡಿಸಿ ಎಬ್ಬಿಸಿದ ಹಾಗೆ ಇದು. ಸ್ಪೀಡ್ ಓದೋ ಪ್ರೋಗ್ರಾಮೇ ಪ್ರೊಸೆಸರ್‌ನ ಎಬ್ಬಿಸುತ್ತೆ, ಎದ್ದ ಕ್ಷಣದ ಸ್ಪೀಡ್ ನಿಮಗೆ ಕಾಣುತ್ತೆ. ಅದರಲ್ಲೂ ಗ್ರಾಫ್ ಬಿಡಿಸೋ ಸಿಸ್ಟಮ್ ಮಾನಿಟರ್ ತೆರೆದಿಟ್ಕೊಂಡ್ರೆ ಅದೇ ಒಂದು ಕೆಲಸ. ಮಲಗಿರೋ ಕೋರ್‌ಗೆ ಸ್ಪೀಡ್ ಅನ್ನೋದೇ ಇಲ್ಲ, ಗಡಿಯಾರಾನೇ ನಿಂತಿರುತ್ತೆ. ನೋಡ್ಬೇಕಾದ್ದು ಗಿಗಾಹರ್ಟ್ಸ್ ಅಲ್ಲ, ವಾಟ್ಸ್, ಮತ್ತೆ ಎಷ್ಟು ಪರ್ಸೆಂಟ್ ಹೊತ್ತು ಮಲಗಿತ್ತು ಅನ್ನೋದು. ಟರ್ಬೋಸ್ಟ್ಯಾಟ್ ಎರಡನ್ನೂ ತೋರಿಸುತ್ತೆ: ಬಿಝಿ ಪರ್ಸೆಂಟ್ ಕಾಲಮ್ಮು, ಪ್ಯಾಕೇಜ್ ವಾಟ್ ಕಾಲಮ್ಮು. ಬಿಝಿ 1 ಪರ್ಸೆಂಟ್ ಇದ್ರೆ ಪಕ್ಕದ ಮೆಗಾಹರ್ಟ್ಸ್ 3000 ಅಂತಿದ್ರೂ ಅದರ ಗೊಡವೆ ಬೇಡ.

ಪ್ರ: ಸಿ-ಸ್ಟೇಟ್ ಸರಿಯಾಗಿದೆಯಾ ಅಂತ ಹೇಗೆ ತಿಳಿಯೋದು?

ಪವರ್‌ಟಾಪ್ ಅನ್ನೋ ಟೂಲ್ ಹಾಕಿ, ರೂಟ್ ಆಗಿ ಓಡಿಸಿ, ಐಡಲ್ ಸ್ಟ್ಯಾಟ್ಸ್ ಟ್ಯಾಬ್‌ಗೆ ಹೋಗಿ ಐದು ನಿಮಿಷ ಕೈ ಕಟ್ಕೊಂಡು ಕೂರಿ. ಕೋರ್‌ಗಳು ಆಳದ ಸ್ಟೇಟ್‌ನಲ್ಲಿ 90 ಪರ್ಸೆಂಟ್ ಮೇಲೆ ಇದ್ರೆ ಚೆನ್ನಾಗಿದೆ. ಆದ್ರೆ ಅಲ್ಲಿಗೇ ನಿಲ್ಬೇಡಿ, ಎಡಗಡೆ ಪ್ಯಾಕೇಜ್ (ಕೋರ್‌ಗಳೆಲ್ಲ ಸೇರಿದ ಇಡೀ ಚಿಪ್ಪು) ಅಂತ ಬೇರೆ ಕಾಲಮ್ ಇದೆ. ಮನೆಯವರೆಲ್ಲ ಮಲಗಿದ್ರೂ ಹಾಲಿನ ಲೈಟ್ ಉರೀತಾನೇ ಇದ್ರೆ ಬಿಲ್ ಬರುತ್ತಲ್ಲ, ಹಂಗೆ ಕೋರ್‌ಗಳೆಲ್ಲ ಸಿ7ನಲ್ಲಿದ್ರೂ ಪ್ಯಾಕೇಜು ಪಿಸಿ2ನಲ್ಲೇ ಸಿಕ್ಹಾಕ್ಕೊಂಡಿದ್ರೆ ಬ್ಯಾಟರಿ ಉಳಿಯಲ್ಲ (ನಂಬರ್ ದೊಡ್ಡದಾದಷ್ಟೂ ನಿದ್ದೆ ಆಳ). ಹೊಸ ಇಂಟೆಲ್ ಲ್ಯಾಪ್‌ಟಾಪು ಸ್ಕ್ರೀನ್ ಆನ್ ಇರೋವಾಗ್ಲೇ ಪಿಸಿ8ರವರೆಗೂ ಇಳಿಯೋದುಂಟು.

ಪ್ಯಾಕೇಜ್ ಇಳೀದೇ ಇರೋಕೆ ಸಾಮಾನ್ಯ ಕಾರಣ ಪ್ರೊಸೆಸರ್ ಅಲ್ಲ, ಅದಕ್ಕೆ ಅಂಟ್ಕೊಂಡಿರೋ ಇನ್ನೊಂದು: ಎಎಸ್‌ಪಿಎಮ್ (ಕಾರ್ಡುಗಳ ಪಿಸಿಐ ಕೊಂಡಿಯಲ್ಲಿ ಪವರ್ ಉಳಿಸೋ ವ್ಯವಸ್ಥೆ) ಆಫ್ ಇರೋ ವೈಫೈ ಕಾರ್ಡು, ಕಾರ್ಡ್ ರೀಡರ್ರು, ಎನ್‌ವಿಎಮ್ಇ ಡಿಸ್ಕು, ಎನ್‌ವಿಡಿಯಾ ಗ್ರಾಫಿಕ್ಸು. ಒಂದೊಂದೇ ಬಿಚ್ಚಿ ಅಥವಾ ಬಯಾಸಲ್ಲಿ ಆಫ್ ಮಾಡಿ ನೋಡೋದು ಬೇಜಾರಿನ ಕೆಲಸ, ಆದ್ರೆ ಬೇರೆ ದಾರಿ ಇಲ್ಲ.

ಪವರ್‌ಟಾಪ್‌ನ ಆಟೋ-ಟ್ಯೂನ್ ಓಡಿಸಿದ್ರೆ ಪವರ್ ಉಳಿಸೋ ಸೆಟಿಂಗ್ ಎಲ್ಲಾ ಒಂದೇ ಏಟಿಗೆ ಆನ್ ಆಗುತ್ತೆ, ಜೊತೆಗೆ ನಿಮ್ಮ ಯುಎಸ್‌ಬಿ ಮೌಸೂ ಮಲಗಿ, ಎರಡು ಸೆಕೆಂಡ್ ಬಿಟ್ಟು ಮುಟ್ಟಿದ್ರೆ ಏಳೋಕೆ ಒಂದು ಕ್ಲಿಕ್ ಲಂಚ ಕೇಳುತ್ತೆ. ಟ್ಯೂನಬಲ್ಸ್ ಟ್ಯಾಬಲ್ಲಿ ಮೌಸ್ ಸಾಲೊಂದನ್ನ ವಾಪಸ್ ಬ್ಯಾಡ್ (ಅಂದ್ರೆ ಪವರ್ ಉಳಿಸೋದು ಆಫ್) ಮಾಡ್ಕೊಳ್ಳಿ.

ಪ್ರ: ಸುಮ್ನೆ ಇಟ್ಟಾಗ ಹ್ಯಾಂಗ್ ಆಗುತ್ತೆ, ಕೆಲಸ ಮಾಡ್ತಿರೋವಾಗ ಆಗಲ್ಲ. ವಿಚಿತ್ರ ಅಲ್ವಾ?

ವಿಚಿತ್ರ ಏನಲ್ಲ, ಆಳದ ಸಿ-ಸ್ಟೇಟ್‌ಗೆ ಹೋಗಿ ವಾಪಸ್ ಏಳೋಕೆ ಆಗ್ದೇ ಇರೋದರ ಲಕ್ಷಣಾನೇ ಇದು. ಎರಡು ಪ್ರಸಿದ್ಧ ಕೇಸಿವೆ.

ಒಂದು, ಬೇ ಟ್ರೇಲ್: ಸೆಲೆರಾನ್ ಜೆ1900, ಎನ್2840, ಆಟಮ್ ಝಡ್3735ಎಫ್ ಥರದ ಅಗ್ಗದ ಚಿಪ್‌ಗಳು. ಕರ್ನಲ್ ಬಗ್‌ಝಿಲ್ಲಾದಲ್ಲಿ 109051 ನಂಬರಿನ ಬಗ್ ಇದರ ಮೇಲೇ ಇರೋದು, ಓದೋಕೆ ಕೂತ್ರೆ ಮುಗಿಯಲ್ಲ. ಅಲ್ಲಿಂದ ಊರೆಲ್ಲ ಹಬ್ಬಿದ ಮದ್ದು ಇಂಟೆಲ್ ಐಡಲ್ ಡಾಟ್ ಮ್ಯಾಕ್ಸ್ ಸಿಸ್ಟೇಟ್ ಈಕ್ವಲ್ ಟು 1. ಕೆಲಸ ಮಾಡುತ್ತೆ, ಆದ್ರೆ ಪ್ರೊಸೆಸರ್ ಆಳವಾಗಿ ನಿದ್ದೆ ಮಾಡೋದನ್ನೇ ಬಿಡುತ್ತೆ, ಬ್ಯಾಟರಿ ಹೋಗುತ್ತೆ. ಮೊದ್ಲು ಹೊಸ ಕರ್ನಲ್ ಹಾಕಿ ನೋಡಿ, ಆಗ್ಲಿಲ್ಲ ಅಂದ್ರೆ ಮಾತ್ರ ಇದು. ಬೇ ಟ್ರೇಲ್ ಅಲ್ದೇ ಇರೋ ಲ್ಯಾಪ್‌ಟಾಪಿಗೆ ಇದನ್ನ ಹಾಕ್ಕೊಂಡು "ಬ್ಯಾಟರಿ ನಿಲ್ತಿಲ್ಲ" ಅಂತ ಬರೋರನ್ನೂ ನೋಡಿದೀನಿ.

ಎರಡು, ಮೊದಮೊದಲ ರೈಜೆನ್ ಡೆಸ್ಕ್‌ಟಾಪ್‌ಗಳು. ಐಡಲ್‌ನಲ್ಲಿ ಪ್ರೊಸೆಸರ್ ಎಳೆಯೋ ಕರೆಂಟು ಎಷ್ಟು ಕಮ್ಮಿ ಆಗುತ್ತೆ ಅಂದ್ರೆ ಕೆಲವು ಎಸ್‌ಎಮ್‌ಪಿಎಸ್‌ಗಳಿಗೆ ಅದು ಜೀರ್ಣ ಆಗಲ್ಲ. ಬಯಾಸ್‌ನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಅಂತ ಹುಡ್ಕಿ ಟಿಪಿಕಲ್ ಕರೆಂಟ್ ಐಡಲ್‌ಗೆ ಇಡಿ. ಎಎಮ್‌ಡಿ ಸಿಬಿಎಸ್ ಮೆನು ಒಳಗೆ ಎಲ್ಲೋ ಮೂಲೇಲಿ ಅಡಗಿರುತ್ತೆ.

ಪ್ರ: ಟಿಎಲ್‌ಪಿ, ಪವರ್-ಪ್ರೊಫೈಲ್ಸ್-ಡೀಮನ್, ಆಟೋ-ಸಿಪಿಯುಫ್ರೀಕ್ ಎಲ್ಲಾ ಹಾಕಿದೀನಿ, ಆದ್ರೂ...

ಆದ್ರೂ ಅಲ್ಲ, ಅದಕ್ಕೇ! ಎತ್ತು ಏರಿಗೆಳೀತು, ಕೋಣ ನೀರಿಗೆಳೀತು. ಇವೆಲ್ಲ ಪವರ್ ಸೆಟಿಂಗ್ ತಾವೇ ಬದಲಾಯಿಸೋ ಟೂಲುಗಳು, ಬರೆಯೋದು ಅದೇ ನಾಲ್ಕು ಫೈಲಿಗೆ, ಒಂದು ಬರ್ದಿದ್ದನ್ನ ಇನ್ನೊಂದು ಅಳಿಸುತ್ತೆ. ಒಂದೇ ಇಟ್ಕೊಳ್ಳಿ. ಗ್ನೋಮ್ ಅಥವಾ ಕೆಡಿಇ ಮೆನುವಿನಲ್ಲಿ ಬರೋ ಮೂರು ಬಟನ್ ಸಾಕು ಅನ್ನೋರಿಗೆ ಪವರ್-ಪ್ರೊಫೈಲ್ಸ್-ಡೀಮನ್ (ಫೆಡೋರಾ 41ರಿಂದ ಆ ಜಾಗದಲ್ಲಿ ಟ್ಯೂನ್ಡ್ ಅನ್ನೋ ಟೂಲ್ ಕೂತಿದೆ), ಕೂತು ಕೆದಕೋ ಚಟ ಇರೋರಿಗೆ ಟಿಎಲ್‌ಪಿ. ಕೈಯಾರೆ ಹಾಕಿದ ಗವರ್ನರ್ ರೀಬೂಟ್ ಆದ್ಮೇಲೆ ಮಾಯ ಆಗ್ತಿದ್ರೂ ಉತ್ತರ ಇದೇ, ಸಿಸ್ ಫೋಲ್ಡರಿಗೆ ಬರ್ದಿದ್ದು ಮೆಮೊರಿಯಲ್ಲಷ್ಟೇ ಇರೋದು, ಶಾಶ್ವತ ಬೇಕಂದ್ರೆ ಇವುಗಳಲ್ಲಿ ಒಂದರ ಕಾನ್ಫಿಗ್‌ನಲ್ಲಿ ಬರೀಬೇಕು.

ಪವರ್‌ಪ್ರೊಫೈಲ್ಸ್‌ಸಿಟಿಎಲ್ ಓಡಿಸಿದಾಗ ಪರ್ಫಾರ್ಮೆನ್ಸ್ ಡಿಗ್ರೇಡೆಡ್, ಲ್ಯಾಪ್-ಡಿಟೆಕ್ಟೆಡ್ ಅಂತ ಬಂದ್ರೆ ನಗ್ಬೇಡಿ, ಕೆಲವು ಲ್ಯಾಪ್‌ಟಾಪ್‌ಗಳಿಗೆ ತೊಡೆ ಮೇಲಿದ್ರೆ ಗೊತ್ತಾಗುತ್ತೆ, ತೊಡೆ ಸುಡಬಾರದು ಅಂತ ಸ್ಪೀಡ್ ಇಳಿಸ್ತವೆ. ಮೇಜಿನ ಮೇಲಿಡಿ.

ಪ್ರ: ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸ್ಲೋ ಆಗುತ್ತೆ.

ಬಿಸಿ. ಸಿಪಿಯು0 ಫೋಲ್ಡರಿನೊಳಗೆ ಥರ್ಮಲ್ ಥ್ರಾಟಲ್ ಅಂತ ಫೋಲ್ಡರ್ ಇದೆ (ಇಂಟೆಲ್‌ನಲ್ಲಿ), ಅಲ್ಲಿ ಕೋರ್ ಥ್ರಾಟಲ್ ಕೌಂಟ್ ಓದಿ, ಐದು ನಿಮಿಷ ಲೋಡ್ ಕೊಟ್ಟು ಮತ್ತೆ ಓದಿ. ನಂಬರ್ ಏರಿದ್ರೆ ಸಾಕ್ಷಿ ಸಿಕ್ತು. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿ ಕಡೆ ರೂಮೇ 38 ಡಿಗ್ರಿ ಇರೋವಾಗ ಹೀಟ್‌ಸಿಂಕ್ ಪಾಪ ಎಲ್ಲಿಗೆ ಬಿಸಿ ಬಿಡ್ಬೇಕು? ಹಾಸಿಗೆ ಮೇಲಿಂದ ಎತ್ತಿ, ಫ್ಯಾನಿನ ಧೂಳು ತೆಗೆಸಿ, ಮೂರ್ನಾಲ್ಕು ವರ್ಷ ಆಗಿದ್ರೆ ಥರ್ಮಲ್ ಪೇಸ್ಟ್ ಬದಲಾಯಿಸಿ. ಇಂಟೆಲ್ ಲ್ಯಾಪ್‌ಟಾಪ್‌ಗೆ ಥರ್ಮಲ್‌ಡಿ ಹಾಕೋದೂ ಒಳ್ಳೇದು, ಪೂರ್ತಿ ಕಾದು ಧಡಕ್ಕಂತ ಬೀಳೋ ಬದಲು ಮುಂಚೇನೇ ಮೆಲ್ಲಗೆ ಇಳಿಸ್ಕೊಂಡು ಬರುತ್ತೆ. ಇನ್ನೂ ಸಾಲ್ದು ಅಂದ್ರೆ ಇಂಟೆಲ್ ಪಿಸ್ಟೇಟ್ ಫೋಲ್ಡರಿನ ನೋ ಟರ್ಬೋ ಫೈಲಿಗೆ 1 ಬರೀರಿ, ಟರ್ಬೋ (ಸ್ವಲ್ಪ ಹೊತ್ತಿಗೆ ಸಿಗೋ ಹೆಚ್ಚುವರಿ ಸ್ಪೀಡ್) ಆಫ್ ಆಗುತ್ತೆ. ಬೇಸಿಗೆ ಮುಗಿಯೋವರೆಗೆ ನನ್ನ ಹಳೇ ಲ್ಯಾಪ್‌ಟಾಪ್ ಇರೋದೇ ಹಂಗೆ, ಫ್ಯಾನ್ ಸದ್ದೇ ಇಲ್ಲ.

ಪ್ರ: ಮುಚ್ಚಿ ಬ್ಯಾಗಲ್ಲಿ ಇಟ್ಟಿದ್ದೆ, ತೆಗೆದ್ರೆ ದೋಸೆ ಕಾವಲಿ ಥರ ಬಿಸಿ, ಬ್ಯಾಟರಿ ಸೊನ್ನೆ.

ಸಿಸ್ ಒಳಗಿನ ಪವರ್ ಫೋಲ್ಡರಲ್ಲಿ ಮೆಮ್ ಸ್ಲೀಪ್ ಅನ್ನೋ ಫೈಲ್ ನೋಡಿ. ಎಸ್2ಐಡಲ್, ಡೀಪ್ ಅಂತ ಎರಡು ಹೆಸರಿರಬಹುದು, ಚೌಕ ಬ್ರಾಕೆಟ್ ಒಳಗಿರೋದು ಈಗ ಬಳಕೇಲಿರೋದು. ಡೀಪ್ ಅಂದ್ರೆ ಹಳೇ ಕಾಲದ ಗಾಢ ನಿದ್ದೆ, ಮೆಮೊರಿ ಬಿಟ್ಟು ಹೆಚ್ಚುಕಮ್ಮಿ ಎಲ್ಲಾ ಆಫ್. ಎಸ್2ಐಡಲ್ ಅಂದ್ರೆ ಫೋನ್ ಥರ ಕಣ್ಣು ಮುಚ್ಕೊಂಡು ಕೂರೋದು, ಇದರಲ್ಲಿ ಪ್ರೊಸೆಸರ್ ಪ್ಯಾಕೇಜ್ ಪೂರ್ತಿ ಆಳಕ್ಕೆ ಇಳಿದ್ರೆ ಮಾತ್ರ ಬ್ಯಾಟರಿ ಉಳಿಯುತ್ತೆ, ಒಂದು ಡಿವೈಸ್ ಎದ್ದಿದ್ರೂ ಬ್ಯಾಗಿನೊಳಗೆ ಒಲೆ ಹಚ್ಚಿದ ಹಾಗೆ.

ಎರಡೂ ಇದ್ರೆ ಬೂಟ್ ಸಾಲಿಗೆ ಮೆಮ್ ಸ್ಲೀಪ್ ಡೀಫಾಲ್ಟ್ ಈಕ್ವಲ್ ಟು ಡೀಪ್ ಸೇರಿಸಿ. ಬರೀ ಎಸ್2ಐಡಲ್ ಇದ್ರೆ ಬಯಾಸಲ್ಲಿ ಸ್ಲೀಪ್ ಸ್ಟೇಟ್ ಅಂತ ಆಯ್ಕೆ ಇದ್ಯಾ ಹುಡ್ಕಿ, ಕೆಲವರು ಕೊಡ್ತಾರೆ, ತುಂಬಾ ಜನ ಈಗ ಕೊಡಲ್ಲ. ಅದೂ ಇಲ್ಲ ಅಂದ್ರೆ ಪ್ರಯಾಣದ ದಿನ ಶಟ್‌ಡೌನ್ ಮಾಡಿ, ನಾನೂ ಅಷ್ಟೇ ಮಾಡೋದು.

ಪ್ರ: ರಾಸ್ಪ್‌ಬೆರಿ ಪೈನಲ್ಲಿ ಮಿಂಚಿನ ಗುರುತು ಬರುತ್ತೆ, ಸ್ಪೀಡ್ 600ಕ್ಕೆ ಬೀಳುತ್ತೆ.

ಪೈ 4ರ ವಿಷಯ ಅಲ್ವಾ. ವೋಲ್ಟೇಜ್ 4.63ಕ್ಕಿಂತ ಕೆಳಗೆ ಬಿತ್ತು ಅಂತ ಆ ಮಿಂಚು. ವಿಸಿಜೆನ್‌ಸಿಎಮ್‌ಡಿ ಗೆಟ್ ಥ್ರಾಟಲ್ಡ್ ಅಂತ ಹೊಡೀರಿ, 0x0 ಬಂದ್ರೆ ಸರಿ, 0x50000 ಬಂದ್ರೆ ಹಿಂದೆ ಯಾವಾಗ್ಲೋ ವೋಲ್ಟೇಜ್ ಬಿದ್ದು ಸ್ಪೀಡ್ ಇಳಿದಿತ್ತು, 0x50005 ಬಂದ್ರೆ ಈಗ್ಲೂ ನಡೀತಿದೆ. ಮೊಬೈಲ್ ಚಾರ್ಜರ್ ಹಾಕಿ ಲಿನಕ್ಸ್‌ಗೆ ಬೈಬೇಡಿ, 5.1 ವೋಲ್ಟ್ 3 ಆಂಪ್‌ನದ್ದು ಬೇಕು, ಕೇಬಲ್ ದಪ್ಪ, ಗಿಡ್ಡ ಇರ್ಬೇಕು. ಪೈ 5ಕ್ಕೆ 5 ಆಂಪ್.

ಪ್ರ: ಎಲ್ಲಾ ಮಾಡಿ ನೋಡ್ದೆ, ಏನೂ ಆಗ್ಲಿಲ್ಲ. ಬಗ್ ಹಾಕ್ಲಾ?

ಹಾಕಿ, ಆದ್ರೆ ಮೊದ್ಲು ಬೇರೊಂದು ಡಿಸ್ಟ್ರೋದ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಅದೇ ತೊಂದ್ರೆ ಅಲ್ಲೂ ಇದ್ಯಾ ನೋಡಿ, ಅಲ್ಲಿಲ್ಲ ಅಂದ್ರೆ ತಪ್ಪು ನಿಮ್ಮ ಇನ್‌ಸ್ಟಾಲ್‌ನಲ್ಲಿದೆ. ಅಲ್ಲೂ ಇದ್ರೆ ನಿಮ್ಮ ಡಿಸ್ಟ್ರೋದ ಬಗ್ ಟ್ರ್ಯಾಕರ್‌ನಲ್ಲಿ ಹಾಕಿ, ಕೈಯಾರೆ ಹೊಸ ಕರ್ನಲ್ ಹಾಕಿ ಪರೀಕ್ಷೆ ಮಾಡೋಕೆ ತಯಾರಿದ್ರೆ ಕರ್ನಲ್ ಬಗ್‌ಝಿಲ್ಲಾದಲ್ಲಿ ಪವರ್ ಮ್ಯಾನೇಜ್‌ಮೆಂಟ್ ವಿಭಾಗಕ್ಕೇ ಹೋಗಿ. ಜೊತೆಗೆ ಕೊಡ್ಬೇಕಾದ್ದು: ಕರ್ನಲ್ ನಂಬರ್, ಬಯಾಸ್ ವರ್ಷನ್ ಮತ್ತು ತಾರೀಕು, ಬೂಟ್ ಸಾಲು, ಪೂರ್ತಿ ಡಿಮೆಸ್ಜ್ (ಕತ್ತರಿಸಿ ಕೊಡ್ಬೇಡಿ, ನಿಮಗೆ ಬೇಡ ಅನ್ಸಿದ ಸಾಲಲ್ಲೇ ಅವರಿಗೆ ಬೇಕಾದ್ದಿರುತ್ತೆ), ಎಸಿಪಿಐಡಂಪ್‌ನ ಔಟ್‌ಪುಟ್, ಮತ್ತೆ ಟರ್ಬೋಸ್ಟ್ಯಾಟ್ ಒಂದು ನಿಮಿಷ ಸುಮ್ನೆ ಇದ್ದಾಗ, ಒಂದು ನಿಮಿಷ ಲೋಡ್‌ನಲ್ಲಿ. ಯಾವುದಾದ್ರೂ ಹಳೇ ಕರ್ನಲ್‌ನಲ್ಲಿ ಸರಿ ಇತ್ತು ಅಂತ ಗೊತ್ತಿದ್ರೆ ಆ ನಂಬರನ್ನ ಮೊದಲ ಸಾಲಲ್ಲೇ ಬರೀರಿ, ಅದೊಂದಿದ್ರೆ ಅವರ ಅರ್ಧ ಕೆಲಸ ಮುಗಿದ ಹಾಗೆ. ಮತ್ತೆ ಚಾರ್ಜರ್ ಕಿತ್ತು ನೋಡಿದ್ರಾ ಅಂತ ಅವರು ಕೇಳೇ ಕೇಳ್ತಾರೆ, ನೋಡಿದ್ದೀನಿ ಅಂತ ಅದನ್ನೂ ಬರ್ದುಬಿಡಿ.